ದೊಡ್ಡ ಮನೆಯೂ ಬೇಡ, ಊರು ಬಿಡುವುದೂ ಬೇಡ: ಸಣ್ಣ ಊರುಗಳ ಆಡಳಿತ ನಡೆಸುವವರಿಗೆ ಒಂದು ಪತ್ರ

ಸಣ್ಣ ಊರುಗಳ ಆಡಳಿತದ ಎಲ್ಲ ಸದಸ್ಯರಿಗೆ, ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಮನೆಗಳ ಪ್ಲಾನ್ ಬರೆದವಳು. ನಿಮ್ಮಂಥವರ ಕಚೇರಿಗಳಿಗೆ ನನ್ನ ಪ್ಲಾನುಗಳು ಬಂದಿವೆ, ಸಹಿ ಸೀಲು ಹಾಕಿಸಿಕೊಂಡು ಹೋಗಿವೆ. ಸೆಟ್‌ಬ್ಯಾಕ್, ಅಂದರೆ ಮನೆ ಸುತ್ತ ಬಿಡಬೇಕಾದ ಖಾಲಿ ಜಾಗ, ಎಷ್ಟು ಬಿಟ್ಟಿದ್ದೀರಿ, ಕಾರಿಗೆ ಜಾಗ ಎಲ್ಲಿದೆ ಅಂತ ಕೇಳಿದವರಿದ್ದಾರೆ. ಈ ಮನೆಯವರಿಗೆ ಎಂಬತ್ತು ವರ್ಷ ಆದಾಗ ಅವರು ಬಚ್ಚಲಿಗೆ ಹೇಗೆ ಹೋಗುತ್ತಾರೆ ಅಂತ ಮಾತ್ರ ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಅಮ್ಮ ಬೀಳುವವರೆಗೆ.

ಅಮ್ಮ ಇದ್ದದ್ದು ನಾನೇ ಪ್ಲಾನ್ ಬರೆದ ಮನೆಯಲ್ಲಿ. ಪಾಯ ಎತ್ತರವಾಗಿದ್ದರೆ ಮನೆಗೊಂದು ಗತ್ತು ಅಂತ ಮುಂಬಾಗಿಲಿಗೆ ಐದು ಮೆಟ್ಟಿಲು ಇಟ್ಟಿದ್ದೆ. ಮಲಗುವ ಕೋಣೆ ಮಹಡಿಯಲ್ಲಿ. ಬಚ್ಚಲಿಗೆ ನುಣುಪು ಕಲ್ಲು. ಅಪ್ಪ ಹೋದ ಮೇಲೆ ಅಷ್ಟು ದೊಡ್ಡ ಮನೆಯಲ್ಲಿ ಅಮ್ಮ ಒಬ್ಬರೇ ಉಳಿದರು. ಮೊದಲು ಮಹಡಿಗೆ ಬೀಗ ಬಿತ್ತು, ಮೊಣಕಾಲು ಕೇಳಲಿಲ್ಲ. ಆಮೇಲೆ ಹಿಂದಿನ ಕೋಣೆಗೆ ಬಿತ್ತು, ಗುಡಿಸಿ ಒರೆಸುವುದಕ್ಕೆ ಆಗುತ್ತಿರಲಿಲ್ಲ. ಮಂಚ ಹಜಾರಕ್ಕೆ ಬಂತು. ಕೊನೆಗೆ ಅಮ್ಮ ಬಳಸುತ್ತಿದ್ದದ್ದು ಹಜಾರ, ಅಡುಗೆಮನೆ, ಬಚ್ಚಲು ಇಷ್ಟೇ. ಆದರೆ ಮಳೆಗಾಲದಲ್ಲಿ ಸೋರುತ್ತಿದ್ದದ್ದು ಇಡೀ ಮಾಡು. ತೆರಿಗೆ, ಬಣ್ಣ, ಪೈಪು, ವಯರಿಂಗು, ಎಲ್ಲದರ ಖರ್ಚೂ ಇಡೀ ಮನೆಯದ್ದೇ.

ಒಂದು ಬೆಳಗ್ಗೆ ಬಚ್ಚಲಲ್ಲಿ ಜಾರಿದರು. ಕೂಗು ಕೇಳಿ ಪಕ್ಕದ ಮನೆಯವರು ಓಡಿ ಬಂದರು. ಒಳಗಿಂದ ಚಿಲಕ ಹಾಕಿರಲಿಲ್ಲ. ಆದರೂ ಬಾಗಿಲು ತೆಗೆಯಲು ಆಗಲಿಲ್ಲ. ಯಾಕೆಂದರೆ ಅದು ಒಳಕ್ಕೆ ತೆರೆಯುವ ಬಾಗಿಲು, ಅಮ್ಮ ಬಿದ್ದದ್ದು ಅದಕ್ಕೇ ಅಡ್ಡವಾಗಿ. ತಳ್ಳಿದಷ್ಟೂ ಅವರ ಮುರಿದ ಸೊಂಟಕ್ಕೇ ಒತ್ತುತ್ತಿತ್ತು. ಬಡಗಿಯನ್ನು ಕರೆಸಿ ಬಾಗಿಲು ಕೊಯ್ದು ತೆಗೆಯುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಪ್ಲಾನಿನಲ್ಲಿ ಬಾಗಿಲು ಯಾವ ಕಡೆ ತೆರೆಯುತ್ತದೆ ಅಂತ ತೋರಿಸುವುದಕ್ಕೆ ಒಂದು ಸಣ್ಣ ಕಮಾನಿನ ಗೆರೆ ಹಾಕುತ್ತೇವೆ. ಆ ಗೆರೆಯನ್ನು ನಾನು ಹೊರಗಡೆಗೆ ಎಳೆದಿದ್ದರೆ ಸಾಕಿತ್ತು. ಒಂದು ರೂಪಾಯಿಯೂ ಜಾಸ್ತಿ ಖರ್ಚಾಗುತ್ತಿರಲಿಲ್ಲ.

ಇದು ನಮ್ಮ ಮನೆಯೊಂದರ ಕಥೆ ಅಂದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದ ಆಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದಕ್ಕೇ. ಹಾಗೆ ಸಾಯುವವರಲ್ಲಿ 60 ದಾಟಿದವರೇ ಜಾಸ್ತಿ. ರಸ್ತೆ ಗುಂಡಿಯಲ್ಲಿ ಯಾರಾದರೂ ಸತ್ತರೆ ನಿಮ್ಮ ಕಚೇರಿ ಮುಂದೆ ಜನ ಸೇರುತ್ತಾರೆ. ಬಚ್ಚಲಲ್ಲಿ ಸತ್ತರೆ "ವಯಸ್ಸಾಗಿತ್ತು" ಅನ್ನುತ್ತಾರೆ, ಅಷ್ಟೇ.

ಆದರೆ ನಾನು ಈ ಪತ್ರ ಬರೆಯುತ್ತಿರುವುದು ಬಿದ್ದದ್ದರ ಬಗ್ಗೆ ಹೇಳಿಕೊಳ್ಳಲಿಕ್ಕಲ್ಲ. ಅದರ ನಂತರ ಆದದ್ದನ್ನು ಹೇಳಲಿಕ್ಕೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಮೆಟ್ಟಿಲು ಹತ್ತುವ ಹಾಗಿಲ್ಲ ಅಂದರು ಡಾಕ್ಟರು. ಸರಿ, ಅದೇ ಊರಲ್ಲಿ ಒಂದು ಸಣ್ಣ ಮನೆ ನೋಡೋಣ ಅಂತ ಹೊರಟೆ. ನೆಲಮಟ್ಟದಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ಒಂದು ಬಚ್ಚಲು. ಅಂಗಡಿ, ಔಷಧಿ ಅಂಗಡಿ ನಡೆಯುವಷ್ಟು ದೂರದಲ್ಲಿ ಇರಬೇಕು. ಬಾಡಿಗೆ ಅಮ್ಮನ ಪಿಂಚಣಿಯೊಳಗೆ ಬರಬೇಕು. ಇಷ್ಟೇ ಅಲ್ವಾ ಕೇಳಿದ್ದು? ಆರು ವಾರ ಹುಡುಕಿದೆ. ಇಡೀ ಊರಲ್ಲಿ ಅಂಥ ಮನೆ ಎರಡೋ ಮೂರೋ ಇದ್ದವು. ಒಬ್ಬ ಮಾಲೀಕರು ಅಮ್ಮನ ವಯಸ್ಸು ಕೇಳಿ ಸುಮ್ಮನಾದರು. ಇನ್ನೊಬ್ಬರು ನೇರವಾಗಿಯೇ ಹೇಳಿದರು, "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಮಗ್ಯಾಕಮ್ಮ ಆ ತಾಪತ್ರಯ?" ಅವರನ್ನು ಬೈಯುವುದಿಲ್ಲ. ಅವರಿಗೆ ನಿಜವಾಗಿಯೂ ಭಯ ಇತ್ತು.

ಕೊನೆಗೆ ಅಮ್ಮ ಊರು ಬಿಟ್ಟರು. ದೂರದ ನಗರದಲ್ಲಿ ನನ್ನ ಫ್ಲ್ಯಾಟಿಗೆ ಬಂದರು. ಲಿಫ್ಟ್ ಇತ್ತು, ಹಿಡಿಕೆ ಹಾಕಿಸಿದ ಬಚ್ಚಲು ಇತ್ತು, ನಾನಿದ್ದೆ. ಆದರೆ ಅವರನ್ನು ಹೆಸರು ಹಿಡಿದು ಕರೆಯುವವರು ಅಲ್ಲಿ ಒಬ್ಬರೂ ಇರಲಿಲ್ಲ. ಊರಲ್ಲಿ ಅವರು ದಿನಕ್ಕೆ ಇಪ್ಪತ್ತು ಜನರ ಹತ್ತಿರ ಮಾತಾಡುತ್ತಿದ್ದರು. ಇಲ್ಲಿ ನಾನು ಕೆಲಸದಿಂದ ಬರುವುದನ್ನು ಕಾಯುತ್ತಾ ಕೂತಿರುತ್ತಿದ್ದರು. ಎರಡು ವರ್ಷ ಹಾಗೆ ಇದ್ದರು.

ನಾನು ನಿಮಗೆ ಹೇಳಬೇಕಾದ್ದು ಒಂದೇ ವಿಷಯ. ನಿಮ್ಮ ಊರಿನ ಹಿರಿಯರಿಗೆ ಈಗ ಇರುವುದು ಎರಡೇ ದಾರಿ: ಸಂಭಾಳಿಸಲು ಆಗದ ಮನೆಯಲ್ಲಿ ಒದ್ದಾಡಿಕೊಂಡು ಇರುವುದು, ಇಲ್ಲವೇ ಊರು ಬಿಡುವುದು. ಇವೆರಡರ ನಡುವೆ ಇರಬೇಕಾದ ಮನೆಯನ್ನು ಯಾರೂ ಕಟ್ಟುತ್ತಿಲ್ಲ. ಲಾಭ ಕಮ್ಮಿ ಅಂತ ಬಿಲ್ಡರುಗಳು ಸಣ್ಣ ಊರಿಗೆ ಬರುವುದೇ ಇಲ್ಲ. ಬಂದರೂ ದೊಡ್ಡ ಮನೆಯೇ ಕಟ್ಟುತ್ತಾರೆ. ಆದ್ದರಿಂದ ಆ ನಡುವಿನ ಮನೆ ನಿಮ್ಮಿಂದಲೇ ಆಗಬೇಕು.

"ವೃದ್ಧಾಶ್ರಮಕ್ಕೆ ಜಾಗ ಕೊಟ್ಟಿದ್ದೇವಲ್ಲ" ಅಂತ ನಿಮ್ಮಲ್ಲಿ ಕೆಲವರು ಹೇಳಬಹುದು. ಅದು ಬೇರೆ, ಇದು ಬೇರೆ. ಹಾಸಿಗೆ ಹಿಡಿದವರಿಗೆ, ಮರೆವಿನ ಕಾಯಿಲೆ ಜಾಸ್ತಿಯಾದವರಿಗೆ ಹಗಲು ರಾತ್ರಿ ನೋಡಿಕೊಳ್ಳುವ ಜಾಗ ಬೇಕೇ ಬೇಕು. ಆದರೆ ಹೆಚ್ಚಿನ ಹಿರಿಯರಿಗೆ ಬೇಕಾಗಿರುವುದು ಆರೈಕೆ ಅಲ್ಲ, ಮನೆ. ತಾವೇ ಬೀಗ ಹಾಕಿ ತಾವೇ ತೆಗೆಯುವ ಮನೆ. ವಿಶ್ವಸಂಸ್ಥೆ 1991ರಲ್ಲಿ ಹಿರಿಯರ ಬಗ್ಗೆ ಒಪ್ಪಿಕೊಂಡ ತತ್ವಗಳಲ್ಲಿ ಇದೂ ಒಂದು: ಎಷ್ಟು ಕಾಲ ಆಗುತ್ತದೋ ಅಷ್ಟು ಕಾಲ ಅವರು ತಮ್ಮ ಮನೆಯಲ್ಲೇ ಇರುವಂತಾಗಬೇಕು. ಡೆನ್ಮಾರ್ಕ್ ಅದಕ್ಕೂ ಮುಂಚೆಯೇ, 1987ರಲ್ಲಿ, ಕಾನೂನು ಮಾಡಿ ಹಳೆಯ ಮಾದರಿಯ ನರ್ಸಿಂಗ್ ಹೋಮುಗಳನ್ನು ಹೊಸದಾಗಿ ಕಟ್ಟುವುದನ್ನೇ ನಿಲ್ಲಿಸಿತು. ಅದರ ಬದಲು ಸ್ವಂತ ಅಡುಗೆಮನೆ, ಸ್ವಂತ ಬಚ್ಚಲು ಇರುವ ಸಣ್ಣ ಮನೆಗಳನ್ನು ಕಟ್ಟಿ, ಬೇಕಾದ ಸಹಾಯ ಆ ಮನೆಗೇ ಬರುವ ಹಾಗೆ ಮಾಡಿತು.

ಸ್ವಂತ ಬಾಗಿಲು ಅನ್ನುವುದು ಎಷ್ಟು ದೊಡ್ಡ ವಿಷಯ ಅಂತ ಐನೂರು ವರ್ಷದ ಹಿಂದೆಯೇ ಗೊತ್ತಿದ್ದವರಿದ್ದಾರೆ. ಜರ್ಮನಿಯ ಆಗ್ಸ್‌ಬರ್ಗ್ ಊರಲ್ಲಿ ಯಾಕೋಬ್ ಫುಗ್ಗರ್ ಎಂಬ ವ್ಯಾಪಾರಿ 1521ರಲ್ಲಿ ಬಡವರಿಗಾಗಿ ಫುಗ್ಗರೈ ಅನ್ನುವ ವಸತಿ ಸ್ಥಾಪಿಸಿದ. ಅದು ವಯಸ್ಸಾದವರಿಗೆ ಮಾತ್ರ ಅಂತ ಮಾಡಿದ್ದಲ್ಲ, ಆದರೆ ಹಿರಿಯರ ಮನೆ ಹೇಗಿರಬೇಕು ಅನ್ನುವುದಕ್ಕೆ ಅಲ್ಲಿ ಪಾಠ ಇದೆ. ಸಾಲು ಮನೆಗಳು. ಕೆಳಗೊಂದು ಸಂಸಾರ, ಮೇಲೊಂದು ಸಂಸಾರ. ಆದರೆ ಇಬ್ಬರಿಗೂ ಬೀದಿಗೆ ತೆರೆಯುವ ಬೇರೆ ಬೇರೆ ಬಾಗಿಲು. ಒಬ್ಬೊಬ್ಬರ ಬಾಗಿಲ ಗಂಟೆಯ ಹಿಡಿಕೆಗೂ ಒಂದೊಂದು ಆಕಾರ. ಬೀದಿ ದೀಪ ಇಲ್ಲದ ಕಾಲದಲ್ಲಿ, ಕತ್ತಲಲ್ಲಿ ಕೈಯಿಂದ ಮುಟ್ಟಿ ನೋಡಿ ನಮ್ಮ ಮನೆ ಇದೇ ಅಂತ ಗೊತ್ತುಮಾಡಿಕೊಳ್ಳಬಹುದಿತ್ತು. ಕಣ್ಣು ಮಂಜಾದವರ ಬಗ್ಗೆ ಯೋಚಿಸುವಾಗೆಲ್ಲ ನನಗೆ ಆ ಹಿಡಿಕೆಗಳು ನೆನಪಾಗುತ್ತವೆ. ಅಲ್ಲಿ ಇವತ್ತಿಗೂ ಜನ ವಾಸ ಇದ್ದಾರೆ. ವರ್ಷದ ಮೂಲ ಬಾಡಿಗೆ ಒಂದು ಯೂರೋ ಕೂಡ ಆಗುವುದಿಲ್ಲ.

ಇನ್ನು ನನಗೆ ಗೊತ್ತಿರುವ ಕೆಲಸದ ಬಗ್ಗೆ ಬಿಡಿಸಿ ಹೇಳುತ್ತೇನೆ. ತಾಳ್ಮೆಯಿಂದ ಓದಿ.

ನೆಲದಿಂದ ಒಂದು ಇಂಚು ಎತ್ತರ ಹತ್ತಿಸಬೇಕಾದರೆ ಒಂದು ಅಡಿ ಉದ್ದದ ಇಳಿಜಾರು ಬೇಕು. ಇದು ಎಲ್ಲೆಡೆ ಬಳಕೆಯಲ್ಲಿರುವ ಲೆಕ್ಕ, ಒಂದಕ್ಕೆ ಹನ್ನೆರಡು. ಅಂದರೆ ಪಾಯ ಎರಡು ಅಡಿ ಎತ್ತಿದರೆ ಇಳಿಜಾರಿಗೆ ಇಪ್ಪತ್ತನಾಲ್ಕು ಅಡಿ ಜಾಗ ಬೇಕು. ಸಣ್ಣ ಸೈಟಿನಲ್ಲಿ ಅಷ್ಟು ಜಾಗ ಎಲ್ಲಿರುತ್ತದೆ? ಆಗ ಮೇಸ್ತ್ರಿ ಹತ್ತು ಅಡಿಯಲ್ಲೇ ಮುಗಿಸಿಬಿಡುತ್ತಾನೆ. ಅಂಥ ಇಳಿಜಾರಿನಲ್ಲಿ ಗಾಲಿಕುರ್ಚಿ ತಳ್ಳುವವರ ಉಸಿರು ಸಿಕ್ಕಿಕೊಳ್ಳುತ್ತದೆ, ಇಳಿಸುವಾಗ ಕೈ ಜಾರುತ್ತದೆ. ಹಾಗಾಗಿ ಇಳಿಜಾರು ಹಾಕಿ ಅಂತ ನಾನು ಕೇಳುವುದಿಲ್ಲ. ಹಿರಿಯರ ಮನೆಗೆ ಮೆಟ್ಟಿಲೇ ಇಲ್ಲದಂತೆ ನೆಲ ಸಮ ಮಾಡಿ, ಚರಂಡಿ ಸರಿಯಾಗಿ ಹರಿಯುವ ಜಾಗ ಆರಿಸಿ. ನೀರು ನುಗ್ಗುವ ತಗ್ಗು ಜಾಗವನ್ನು ಈ ಮನೆಗಳಿಗೆ ಕೊಟ್ಟರೆ ಪಾಯ ಎತ್ತಲೇಬೇಕಾಗುತ್ತದೆ, ಅಲ್ಲಿಗೆ ಎಲ್ಲ ಕೆಟ್ಟಿತು.

ಬಾಗಿಲಿನ ಅಗಲದ ಮಾತಿಗೆ ಬಂದರೆ, ತೆರೆದಾಗ 32 ಇಂಚು ಖಾಲಿ ಜಾಗ ಸಿಗಬೇಕು. ಚೌಕಟ್ಟು, ಬಾಗಿಲಿನ ದಪ್ಪ ಎರಡೂ ಸೇರಿ ಜಾಗ ತಿನ್ನುತ್ತವೆ. ಆದ್ದರಿಂದ ಮೂರು ಅಡಿ ಬಾಗಿಲನ್ನೇ ಇಡಬೇಕು, ಬಚ್ಚಲಿಗೂ. ನಾವು ಪ್ಲಾನ್ ಬರೆಯುವವರು ಮುಂಬಾಗಿಲನ್ನು ದೊಡ್ಡದಾಗಿ ಇಟ್ಟು ಜಾಗ ಉಳಿಸುವುದು ಬಚ್ಚಲಿನ ಬಾಗಿಲಲ್ಲೇ. ಇದು ನಮ್ಮ ತಪ್ಪು. ಬಚ್ಚಲಿನೊಳಗೆ ಗಾಲಿಕುರ್ಚಿ ತಿರುಗಲು ಐದು ಅಡಿ ಸುತ್ತಳತೆಯ ಅಲ್ಲ, ಐದು ಅಡಿ ಅಡ್ಡಳತೆಯ ವೃತ್ತ ಬೇಕು. ಕಮೋಡಿನ ಪಕ್ಕದಲ್ಲಿ ಗೋಡೆಗೆ ಹಿಡಿಕೆ ಬೇಕು. ಆ ಹಿಡಿಕೆ ಮನುಷ್ಯನ ಇಡೀ ಭಾರ ತಡೆಯಬೇಕು. ಟವೆಲ್ ಹಾಕುವ ಸರಳು ಅದಲ್ಲ. ಗಾರೆ ಮಾಡುವ ಮುಂಚೆಯೇ ಆ ಜಾಗದ ಗೋಡೆ ಗಟ್ಟಿ ಮಾಡಿಟ್ಟರೆ ಆಯಿತು. ಕಟ್ಟುವಾಗ ಇದರ ಖರ್ಚು ಕಾಣುವುದೇ ಇಲ್ಲ. ಟೈಲ್ಸ್ ಒಡೆದು ಆಮೇಲೆ ಮಾಡಿಸುವವರನ್ನು ಕೇಳಿ, ಅದರ ಕಷ್ಟ ಗೊತ್ತಾಗುತ್ತದೆ.

ಬೆಳಕಿನ ಬಗ್ಗೆ ಯಾರೂ ಮಾತೇ ಆಡುವುದಿಲ್ಲ. ವಯಸ್ಸಾದ ಹಾಗೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಯಾಗುತ್ತದೆ. ಅರವತ್ತು ವರ್ಷದವರ ಕಣ್ಣಿನ ಒಳಪರದೆಗೆ ಮುಟ್ಟುವ ಬೆಳಕು ಇಪ್ಪತ್ತರ ಹರೆಯದವರಿಗೆ ಮುಟ್ಟುವುದರ ಸುಮಾರು ಮೂರನೇ ಒಂದು ಭಾಗ ಮಾತ್ರ. ಒಂದೇ ಬಣ್ಣದ ಕಲ್ಲು ಹಾಕಿದ ಮೆಟ್ಟಿಲಲ್ಲಿ ಅವರಿಗೆ ಅಂಚು ಕಾಣುವುದಿಲ್ಲ. ಅಂಚಿಗೆ ಬೇರೆ ಬಣ್ಣದ ಪಟ್ಟಿ ಹಾಕಿದರೆ ಕಾಣುತ್ತದೆ. ಮಂಚದ ಪಕ್ಕ ಕೈಗೆ ಸಿಗುವ ಒಂದು ಸ್ವಿಚ್, ಬಚ್ಚಲಿನ ದಾರಿಯಲ್ಲಿ ರಾತ್ರಿಯಿಡೀ ಉರಿಯುವ ಒಂದು ಸಣ್ಣ ದೀಪ. ಇಂಥವೇ ಜೀವ ಉಳಿಸುವುದು. ಮನೆಯೊಳಗೆ ಬೀಳುವಂಥ ಜಾಗಗಳನ್ನು ಗುರುತಿಸಿ ಸರಿಪಡಿಸಿದರೆ ಹಿರಿಯರು ಬೀಳುವುದು ಸುಮಾರು 26% ಕಮ್ಮಿಯಾಗುತ್ತದೆ ಅಂತ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 2023ರಲ್ಲಿ ಬಂದ ಕಾಕ್ರೇನ್ ಪರಿಶೀಲನೆ ಹೇಳುತ್ತದೆ. ಈಗಾಗಲೇ ಬಿದ್ದವರು, ಬೀಳುವ ಅಪಾಯ ಜಾಸ್ತಿ ಇರುವವರಲ್ಲಿ 38% ಕಮ್ಮಿಯಾಗುತ್ತದೆ.

ಇಂಥ ಅನುಕೂಲಗಳನ್ನು ಊರಿನ ಪ್ರತಿ ಹೊಸ ಮನೆಗೂ ನಿಯಮ ಮಾಡಬಹುದು. ಅಮೆರಿಕದ ಅಟ್ಲಾಂಟಾದಲ್ಲಿ ಎಲಿನರ್ ಸ್ಮಿತ್ ಎಂಬ ಹೆಣ್ಣುಮಗಳು, ಸ್ವತಃ ಪೋಲಿಯೊದಿಂದ ಗಾಲಿಕುರ್ಚಿ ಬಳಸುವವರು, 1987ರಲ್ಲಿ ಒಂದು ಚಳವಳಿ ಶುರುಮಾಡಿದರು. ಅವರು ಕೇಳಿದ್ದು ಮೂರೇ ಮೂರು: ಮೆಟ್ಟಿಲಿಲ್ಲದ ಒಂದು ಬಾಗಿಲು, ಅಗಲವಾದ ಒಳಬಾಗಿಲುಗಳು, ನೆಲಮಹಡಿಯಲ್ಲಿ ಒಂದು ಶೌಚಾಲಯ. ಅಲ್ಲಿನ ನಗರಾಡಳಿತ 1992ರಲ್ಲಿ ಸರ್ಕಾರದ ನೆರವು ಪಡೆದ ಹೊಸ ಮನೆಗಳಿಗೆ ಇದನ್ನು ಕಾನೂನು ಮಾಡಿತು. ಇಂಗ್ಲೆಂಡಿನಲ್ಲಿ 1999ರಿಂದ ಎಲ್ಲ ಹೊಸ ಮನೆಗಳಿಗೂ ಹೆಚ್ಚುಕಮ್ಮಿ ಇದೇ ನಿಯಮ ಇದೆ. ಇವತ್ತು ನೀವು ಒಪ್ಪಿಗೆ ಕೊಡುವ ಮನೆ ಐವತ್ತು ವರ್ಷ ನಿಲ್ಲುತ್ತದೆ. ಅದರಲ್ಲಿ ಯಾರಾದರೂ ಮುದುಕರಾಗಿಯೇ ಆಗುತ್ತಾರೆ ಅಲ್ವಾ?

ಜಾಗ ಎಲ್ಲಿ ಕೊಡುತ್ತೀರಿ ಅನ್ನುವುದು ನನಗೆ ಎಲ್ಲಕ್ಕಿಂತ ಮುಖ್ಯ. ಜಮೀನು ಅಗ್ಗ ಅಂತ ಊರಾಚೆ, ಬೈಪಾಸ್ ಪಕ್ಕ ಒಂದು ಹಿರಿಯರ ಬಡಾವಣೆ ಮಾಡಿ ಕಾಂಪೌಂಡ್ ಕಟ್ಟಿಬಿಟ್ಟರೆ ದಯವಿಟ್ಟು ಅದನ್ನು ಸಾಧನೆ ಅನ್ನಬೇಡಿ. ಗಾಡಿ ಓಡಿಸುವುದನ್ನು ಬಿಟ್ಟ ಮನುಷ್ಯನಿಗೆ ಎರಡು ಕಿಲೋಮೀಟರ್ ಅಂದರೆ ಪರದೇಶ. ಔಷಧಿ ಅಂಗಡಿ, ಬ್ಯಾಂಕು, ಬಸ್ಸು ನಿಲ್ಲುವ ಜಾಗ, ಕೂತು ಮಾತಾಡುವ ಒಂದು ಕಟ್ಟೆ, ಇವೆಲ್ಲ ಊರುಗೋಲು ಹಿಡಿದು ಹೋಗಿಬರುವಷ್ಟು ಹತ್ತಿರ ಇರಬೇಕು. ಊರ ನಡುವೆ ಜಾಗ ಇಲ್ಲ ಅನ್ನುತ್ತೀರಿ. ಬೀಗ ಹಾಕಿದ ಹಳೇ ಶಾಲಾ ಕಟ್ಟಡ, ಬಳಕೆಯಲ್ಲಿಲ್ಲದ ಕಚೇರಿ, ಪಾಳುಬಿದ್ದ ಸರ್ಕಾರಿ ನೌಕರರ ಮನೆಗಳು ಎಷ್ಟೋ ಸಣ್ಣ ಊರುಗಳಲ್ಲಿ ಇವೆ. ಒಮ್ಮೆ ಪಟ್ಟಿ ಮಾಡಿ ನೋಡಿ. ನಲವತ್ತು ಮನೆ ಒಂದೇ ಕಡೆ ಬೇಕಾಗಿಲ್ಲ. ಈ ಬೀದಿಯಲ್ಲಿ ನಾಲ್ಕು, ಆ ಬೀದಿಯಲ್ಲಿ ಆರು ಇದ್ದರೆ ಇನ್ನೂ ಒಳ್ಳೆಯದು. ಮಕ್ಕಳು ಆಡುವ ಸದ್ದು ಕೇಳುವ ಕಡೆ ಇರಲಿ.

ದುಡ್ಡಿನ ಮಾತು. ಸಣ್ಣ ಊರಲ್ಲಿ ಬಹಳ ಹಿರಿಯರ ಹತ್ತಿರ ಮನೆ ಇದೆ, ಕೈಯಲ್ಲಿ ಕಾಸಿಲ್ಲ. ಲೆಕ್ಕದ ಪುಸ್ತಕದಲ್ಲಿ ಅವರು ಆಸ್ತಿವಂತರು. ಹಾಗಾಗಿ ಯಾವ ನೆರವಿನ ಪಟ್ಟಿಯಲ್ಲೂ ಅವರ ಹೆಸರು ಬರುವುದಿಲ್ಲ. ಮನೆ ಮಾರೋಣ ಅಂದರೆ ಮಾರಿ ಹೋಗುವುದೆಲ್ಲಿಗೆ? ಇನ್ನು ಜೀವನಪೂರ್ತಿ ಬಾಡಿಗೆ ಮನೆಯಲ್ಲೇ ಇದ್ದವರ ಕಷ್ಟ ಇದಕ್ಕಿಂತ ಜಾಸ್ತಿ. ಸಂಪಾದನೆ ನಿಂತಿರುತ್ತದೆ, ಬಾಡಿಗೆ ಏರುತ್ತಲೇ ಇರುತ್ತದೆ. ಇಬ್ಬರಿಗೂ ಆಗುವಂಥ ದಾರಿ ಎಂದರೆ ಬಾಡಿಗೆಯನ್ನು ಮನೆಯ ಬೆಲೆಗಲ್ಲ, ಇರುವವರ ಆದಾಯಕ್ಕೆ ಕಟ್ಟುವುದು. ಅಮೆರಿಕದಲ್ಲಿ 1959ರ ವಸತಿ ಕಾಯ್ದೆಯ 202ನೇ ಸೆಕ್ಷನ್ ಕೆಳಗೆ 62 ದಾಟಿದ ಬಡ ಹಿರಿಯರಿಗೆ ಮನೆಗಳಿವೆ. ಅಲ್ಲಿ ಕೆಲವು ಖರ್ಚು ಕಳೆದು ಉಳಿದ ಆದಾಯದ 30% ಬಾಡಿಗೆ ತೆಗೆದುಕೊಳ್ಳುತ್ತಾರೆ. ನಿಮ್ಮಲ್ಲಿ ಎಷ್ಟು ಪಾಲು ಅಂತ ನೀವೇ ಕೂತು ತೀರ್ಮಾನಿಸಿ. ಆದರೆ ಜೀವ ಇರುವವರೆಗೂ ಯಾರೂ ಎಬ್ಬಿಸುವಂತಿಲ್ಲ ಅನ್ನುವ ಕಾಗದ ಕೈಯಲ್ಲಿ ಕೊಡಿ. ಬಾಡಿಗೆ ಕಮ್ಮಿ ಇರುವುದಕ್ಕಿಂತ ಆ ಕಾಗದಕ್ಕೆ ಹಿರಿಯರು ಕೊಡುವ ಬೆಲೆ ದೊಡ್ಡದು.

ಖಜಾನೆಯ ದೃಷ್ಟಿಯಿಂದಲೂ ಇದು ಬರೀ ಖರ್ಚಲ್ಲ. ಒಬ್ಬ ಅಜ್ಜಿ ಸಣ್ಣ ಮನೆಗೆ ಹೋದರೆ ಅವರ ದೊಡ್ಡ ಮನೆ ಖಾಲಿಯಾಗುತ್ತದೆ. ಅಲ್ಲಿಗೆ ಮಕ್ಕಳಿರುವ ಒಂದು ಸಂಸಾರ ಬರುತ್ತದೆ. ನೀವು ಕಟ್ಟಿದ್ದು ಒಂದು ಮನೆ, ಊರಿಗೆ ಸಿಕ್ಕಿದ್ದು ಎರಡು. ಮನೆ ಸಿಗದೆ ನಗರಕ್ಕೆ ಹೋಗುವ ಯುವಕರಲ್ಲಿ ಕೆಲವರಾದರೂ ಊರಲ್ಲಿ ಉಳಿಯುತ್ತಾರೆ.

ಮನೆ ಬದಲಿಸಲು ಇಷ್ಟವಿಲ್ಲದವರೂ ಇರುತ್ತಾರೆ. ಅವರನ್ನು ಯಾವ ಕಾರಣಕ್ಕೂ ಬಲವಂತ ಮಾಡಬಾರದು. ಅವರಿದ್ದ ಮನೆಯನ್ನೇ ಸರಿಪಡಿಸಿ ಕೊಡಿ. ಜಪಾನಿನಲ್ಲಿ 2000ದಲ್ಲಿ ಜಾರಿಯಾದ ದೀರ್ಘಕಾಲದ ಆರೈಕೆಯ ವಿಮೆಯಲ್ಲಿ ಹಿಡಿಕೆ ಹಾಕಿಸಲು, ಹೊಸ್ತಿಲು ತೆಗೆಸಲು, ಬಾಗಿಲು ಬದಲಿಸಲು 2,00,000 ಯೆನ್ ಮಿತಿಯವರೆಗಿನ ಕೆಲಸಕ್ಕೆ ನೆರವಿದೆ. ಖರ್ಚಿನ ಒಂದು ಸಣ್ಣ ಪಾಲು ಮಾತ್ರ ಮನೆಯವರದು. ಸಣ್ಣ ಊರಿನ ಆಡಳಿತಕ್ಕೆ ಅಷ್ಟು ಶಕ್ತಿ ಇಲ್ಲ ಅನ್ನೋಣ. ಒಬ್ಬ ನಂಬಿಕಸ್ಥ ಕೆಲಸಗಾರನನ್ನು ಸಂಬಳ ಕೊಟ್ಟು ಇಡಬಹುದಲ್ಲ? ನಲ್ಲಿ, ಬಲ್ಬು, ಚಿಲಕ, ಸಡಿಲವಾದ ಟೈಲ್ಸ್, ಹಿಡಿಕೆ ಹಾಕುವುದು. ಒಂದು ಫೋನ್ ನಂಬರ್ ಸಾಕು. ಬಲ್ಬು ಬದಲಿಸಲು ಸ್ಟೂಲ್ ಹತ್ತಿ ಬಿದ್ದವರು ನನಗೆ ಗೊತ್ತಿರುವ ಹಾಗೇ ಮೂವರು. ಕರೆದರೆ ಬರುವವರು ಯಾರೂ ಇರಲಿಲ್ಲ ಅಂತ ಅವರೇ ಹತ್ತಿದ್ದರು.

ಬಾಡಿಗೆ ಕೊಡಲು ಹೆದರುವ ಮಾಲೀಕರ ಭಯವನ್ನೂ ನೀವೇ ಇಳಿಸಬೇಕು. ಜಪಾನಿನಲ್ಲೂ ಇದೇ ಸಮಸ್ಯೆ ಇತ್ತು. 2017ರಲ್ಲಿ ಅವರು ಕಾನೂನು ತಿದ್ದಿ, ಹಿರಿಯರನ್ನು ಬೇಡ ಅನ್ನದ ಬಾಡಿಗೆ ಮನೆಗಳನ್ನು ನೋಂದಾಯಿಸುವ ವ್ಯವಸ್ಥೆ ತಂದರು. ನಿಮ್ಮ ಊರಲ್ಲೂ ಅಂಥ ಒಂದು ಪಟ್ಟಿ ಮಾಡಿ. ಬಾಡಿಗೆದಾರರಿಗೆ ಹುಷಾರಿಲ್ಲದಾಗ ಯಾರಿಗೆ ಫೋನ್ ಮಾಡಬೇಕು, ಅವರು ತೀರಿಕೊಂಡರೆ ಸಾಮಾನು ಯಾರ ಜವಾಬ್ದಾರಿ ಅನ್ನುವುದನ್ನು ಮೊದಲೇ ಬರೆದಿಡಿ. ಅದು ಕಾಗದದಲ್ಲಿದ್ದರೆ ನನ್ನ ಅಮ್ಮನಿಗೆ ಇಲ್ಲ ಅಂದವರೂ ಹೂಂ ಅನ್ನುತ್ತಿದ್ದರೇನೋ.

ಕೊನೆಯದಾಗಿ ಒಂದು ಕೋರಿಕೆ. ಹೆಸರು ನೋಂದಾಯಿಸುವ ಪಟ್ಟಿಯನ್ನು ಬಿದ್ದವರಿಗೆ, ಆಸ್ಪತ್ರೆಯಿಂದ ಬಂದವರಿಗೆ ಮಾತ್ರ ತೆರೆಯಬೇಡಿ. ಅರವತ್ತಕ್ಕೇ ತೆರೆಯಿರಿ. ಕೈಕಾಲು ಗಟ್ಟಿ ಇದ್ದಾಗ ಮನೆ ಬದಲಿಸಿದವರು ತಮ್ಮ ಸಾಮಾನು ತಾವೇ ಆರಿಸಿ ತರುತ್ತಾರೆ, ಪಕ್ಕದವರ ಪರಿಚಯ ಮಾಡಿಕೊಳ್ಳುತ್ತಾರೆ, ಯಾವ ಕಿಟಕಿ ಹತ್ತಿರ ಕೂರಬೇಕು ಅಂತ ತಾವೇ ತೀರ್ಮಾನಿಸುತ್ತಾರೆ. ಅಮ್ಮನ ಮನೆಯನ್ನು ಖಾಲಿ ಮಾಡಿದ್ದು ನಾನು, ನಾಲ್ಕು ದಿನದಲ್ಲಿ, ಅವರು ಆಸ್ಪತ್ರೆಯಲ್ಲಿದ್ದಾಗ. ಯಾವುದು ಬೇಕು, ಯಾವುದು ಬೇಡ ಅಂತ ಅವರನ್ನು ಕೇಳಲು ಪುರುಸೊತ್ತೇ ಇರಲಿಲ್ಲ. ಅವರ ಹೊಲಿಗೆ ಯಂತ್ರವನ್ನು ಯಾರಿಗೋ ಕೊಟ್ಟುಬಿಟ್ಟೆ. ಆಮೇಲೆ ಎರಡು ವರ್ಷವೂ ಅವರು ಅದನ್ನು ಕೇಳುತ್ತಿದ್ದರು.

ನಾಳೆ ನಿಮ್ಮ ಮೇಜಿನ ಮೇಲೆ ಹೊಸ ಮನೆಯ ಪ್ಲಾನ್ ಒಂದು ಬರುತ್ತದೆ. ಸೀಲು ಒತ್ತುವ ಮುಂಚೆ ಬಚ್ಚಲಿನ ಬಾಗಿಲಿನ ಗೆರೆ ಯಾವ ಕಡೆಗಿದೆ ಅಂತ ನೋಡಿ. ಒಳಕ್ಕಿದ್ದರೆ ವಾಪಸ್ ಕಳಿಸಿ. ಪ್ಲಾನ್ ಬರೆದವರು ಗೊಣಗಬಹುದು, ಪರವಾಗಿಲ್ಲ. ಹಾಗೇ ಮುಂದಿನ ಸಭೆಯಲ್ಲಿ ಊರ ನಡುವಿನ ಖಾಲಿ ಕಟ್ಟಡಗಳ ಪಟ್ಟಿ ತರಿಸಿ. ಮೊದಲು ನಾಲ್ಕು ಮನೆ ಆಗಲಿ. ಅವುಗಳ ಪ್ಲಾನ್ ಬರೆದುಕೊಡಲು ನನಗೆ ದುಡ್ಡು ಬೇಡ.

ಇಂತಿ ನಿಮ್ಮ,
ಮನೆಗಳ ಪ್ಲಾನ್ ಬರೆಯುವ ಒಬ್ಬ ಮಗಳು